ಕುಂಬಾರವಾಡದ ಗುಮಟೆ, ಕ್ವೀನ್ಸ್ ರಸ್ತೆಯ ಮೀಟಿಂಗು

ಇವತ್ತು ಒಂದು ಮೀಟಿಂಗಿನ ಕತೆ. ಮೀಟಿಂಗ್ ಅಂದ ಕೂಡಲೇ ರಿಮೋಟ್ ಕೈಗೆತ್ತಿಕೊಳ್ಳಬೇಡಿ, ಸ್ವಲ್ಪ ತಡೀರಿ.

2024ರ ಜೂನ್. ಬೆಂಗಳೂರಿನ ಕ್ವೀನ್ಸ್ ರಸ್ತೆಯ ಕೆಪಿಸಿಸಿ ಕಚೇರಿ. ಅಂದರೆ ಕಾಂಗ್ರೆಸ್ ಪಕ್ಷದ ಆಫೀಸು, ಸರ್ಕಾರದ್ದಲ್ಲ. ಅಲ್ಲಿಗೆ ರಾಜ್ಯದ ಅಕಾಡೆಮಿ, ಪ್ರಾಧಿಕಾರಗಳ ಅಧ್ಯಕ್ಷರನ್ನು, ಸದಸ್ಯರನ್ನು ಕರೆಸಿ ಡಿ.ಕೆ. ಶಿವಕುಮಾರ್ ಸಭೆ ಮಾಡಿದರು. ಆಗ ಅವರು ಉಪಮುಖ್ಯಮಂತ್ರಿಯೂ ಆಗಿದ್ದರು, ಕೆಪಿಸಿಸಿ ಅಧ್ಯಕ್ಷರೂ ಆಗಿದ್ದರು. ಸಾಹಿತಿಗಳು ಆಕ್ಷೇಪ ಎತ್ತಿದರು, ವಿರೋಧ ಪಕ್ಷ ಮುಗಿಬಿತ್ತು, ನಮ್ಮಂಥ ಚಾನೆಲ್‌ಗಳಿಗೆ ಒಂದೆರಡು ದಿನದ ಊಟ ಆಯಿತು. 'ಸ್ವಾಯತ್ತ ಸಂಸ್ಥೆ' ಅನ್ನೋ ಪದವನ್ನ ಆ ಎರಡು ದಿನದಲ್ಲಿ ನಾನೇ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಅದು ತಪ್ಪು. ಅಕಾಡೆಮಿಗಳಿಗೆ ಜೆ.ಸಿ. ರಸ್ತೆಯಲ್ಲಿ ಕನ್ನಡ ಭವನ ಇದೆ. ಮಂತ್ರಿಗಳಿಗೆ ವಿಧಾನಸೌಧ ಇದೆ. ಎರಡರಲ್ಲಿ ಎಲ್ಲಾದರೂ ಕೂತು ಮಾತಾಡಬಹುದಿತ್ತು. ಜನರ ತೆರಿಗೆ ದುಡ್ಡಲ್ಲಿ ನಡೆಯುವ ಮಂಡಳಿಯವರು ಒಂದು ಪಕ್ಷದ ಬಾವುಟದ ಕೆಳಗೆ ಕುರ್ಚಿ ಎಳೆದುಕೊಂಡು ಕೂತರೆ, ನೋಡುವವರಿಗೆ ಏನನ್ನಿಸಬೇಕೋ ಅದೇ ಅನ್ನಿಸುತ್ತೆ.

ಆದರೆ ಆ ಎರಡು ದಿನವೂ, ಪ್ಯಾನೆಲ್‌ನಲ್ಲಿ ನಾಲ್ಕು ಜನ ಒಬ್ಬರ ಮೇಲೊಬ್ಬರು ಕೂಗುತ್ತಿದ್ದಾಗ, ನನ್ನ ತಲೆಯಲ್ಲಿ ಬೇರೆ ಒಂದು ಊರು ಓಡುತ್ತಿತ್ತು. ಕುಂಬಾರವಾಡ.

ಎಲ್ಲಿದೆ ಅಂತ ಕೇಳ್ತೀರಾ? ಉತ್ತರ ಕನ್ನಡ ಜಿಲ್ಲೆ, ಜೋಯಿಡಾ ತಾಲ್ಲೂಕು. ಜೋಯಿಡಾದಿಂದ ಅಣಶಿ ಘಟ್ಟದ ಕಡೆ ಹೋಗುವ ದಾರಿಯಲ್ಲಿ ಸಿಗುವ ಊರು. ಸುತ್ತಲೂ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಇದೇ ತಾಲ್ಲೂಕಿಗೆ ಮೊದಲು ಸೂಪಾ ಅಂತ ಹೆಸರಿತ್ತು. ಸೂಪಾ ಊರು ಅಣೆಕಟ್ಟಿನ ನೀರಲ್ಲಿ ಮುಳುಗಿತು, ಕರೆಂಟು ನಮ್ಮ ಕಡೆ ಬಂತು. ವಿಸ್ತೀರ್ಣದಲ್ಲಿ ಜಿಲ್ಲೆಯ ಅತಿ ದೊಡ್ಡ ತಾಲ್ಲೂಕು, ಜನಸಂಖ್ಯೆ ಮಾತ್ರ 2011ರ ಜನಗಣತಿ ಪ್ರಕಾರ ಐವತ್ತು ಸಾವಿರದ ಆಸುಪಾಸು. ಬೆಂಗಳೂರಿನ ಒಂದು ವಾರ್ಡಿನಲ್ಲಿ ಇದಕ್ಕಿಂತ ಹೆಚ್ಚು ಜನ ಇರಬಹುದು. ಆ ಲೆಕ್ಕದಲ್ಲಿ ಅಲ್ಲಿಯ ಓಟಿಗೆ ಎಷ್ಟು ತೂಕ ಅಂತ ನೀವೇ ಊಹಿಸಿ.

ನಾನು ಅಲ್ಲಿಗೆ ಹೋಗಿದ್ದು ಕಲೆಗಾಗಿ ಅಲ್ಲ. ಕಾಡಿನೊಳಗಿನ ಮನೆ ಬಿಟ್ಟು ಹೊರಗೆ ಹೋಗುವವರಿಗೆ ಸಿಗುವ ಪರಿಹಾರದ ಬಗ್ಗೆ ಸುದ್ದಿ ಮಾಡಲು ಹೋಗಿದ್ದೆ. ಅಲ್ಲಿಯ ಕುಣಬಿ ಸಮುದಾಯದ ಒಬ್ಬ ಅಜ್ಜನ ಮನೆಯ ಜಗಲಿಯಲ್ಲಿ ಕೂತಿದ್ದಾಗ, ಗೋಡೆಗೆ ನೇತುಹಾಕಿದ್ದ ಒಂದು ಮಣ್ಣಿನ ಪಾತ್ರೆ ಕಣ್ಣಿಗೆ ಬಿತ್ತು. ಬಿಂದಿಗೆ ಥರ ಇದೆ, ಆದರೆ ತಳ ಇಲ್ಲ. ಎರಡೂ ಕಡೆ ಬಾಯಿ. ದೊಡ್ಡ ಬಾಯಿಗೆ ಚರ್ಮ ಬಿಗಿದಿರಬೇಕಿತ್ತು, ಅದು ಹರಿದು ಜೋತಾಡುತ್ತಿತ್ತು.

ಗುಮಟೆ. ಶಿಗ್ಮೊ ಹಬ್ಬದಲ್ಲಿ, ಅಂದರೆ ಹೋಳಿ ಹುಣ್ಣಿಮೆ ಸಮಯದಲ್ಲಿ ಬಾರಿಸುವ ವಾದ್ಯ. ಬಲಗೈ ಚರ್ಮದ ಮೇಲೆ, ಎಡಗೈ ಚಿಕ್ಕ ಬಾಯಿಯನ್ನು ಮುಚ್ಚುತ್ತಾ ತೆಗೆಯುತ್ತಾ ಇರುತ್ತೆ. ನಾದ ಆ ಎಡಗೈಯಲ್ಲಿದೆ. ಅಂಕೋಲಾ, ಕುಮಟಾ ಕಡೆಯ ಹಾಲಕ್ಕಿ ಒಕ್ಕಲಿಗರೂ ಬಾರಿಸುತ್ತಾರೆ, ಗಡಿ ದಾಟಿದರೆ ಗೋವಾದವರೂ ಬಾರಿಸುತ್ತಾರೆ. ಕುಂಬಾರವಾಡ ಅನ್ನೋ ಹೆಸರಲ್ಲೇ ಕುಂಬಾರರಿದ್ದಾರೆ, ಮಣ್ಣಿನ ವಾದ್ಯಕ್ಕೆ ಇದಕ್ಕಿಂತ ಸರಿಯಾದ ಊರು ಇನ್ನೆಲ್ಲಿ ಸಿಗುತ್ತೆ?

'ಯಾಕಜ್ಜ, ಹರಿದಿದ್ದನ್ನ ಸರಿ ಮಾಡಿಸಲಿಲ್ವಾ?' ಅಂತ ಕೇಳಿದೆ. ಅಜ್ಜ ನಕ್ಕರು. ಹಳೇ ಕಾಲದಲ್ಲಿ ಗುಮಟೆಗೆ ಕಟ್ಟುತ್ತಿದ್ದದ್ದು ಉಡದ ಚರ್ಮ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಉಡವನ್ನು ಮುಟ್ಟುವಂತಿಲ್ಲ. ಮುಟ್ಟಬಾರದು ಕೂಡ, ಅದರಲ್ಲಿ ನನಗೇನೂ ಅನುಮಾನವಿಲ್ಲ. ಹಾಗಾದರೆ ಆಡಿನ ಚರ್ಮ ಕಟ್ಟಬೇಕು. ಆಡಿನ ಚರ್ಮವನ್ನು ಎಷ್ಟು ತೆಳ್ಳಗೆ ಮಾಡಿದರೆ ಆ ನಾದ ಬರುತ್ತೆ, ಹೇಗೆ ಹದ ಮಾಡಬೇಕು, ಯಾರು ಕಲಿಸುತ್ತಾರೆ? ಅದು ಗೊತ್ತಿದ್ದವರು ಅವರ ಸುತ್ತಮುತ್ತ ಯಾರೂ ಇರಲಿಲ್ಲ.

ಗೋವಾ ಸರ್ಕಾರ 2019ರಲ್ಲಿ ಇದೇ ವಾದ್ಯವನ್ನು, ಅವರ ಭಾಷೆಯಲ್ಲಿ ಘುಮಟ್, ರಾಜ್ಯದ ಪಾರಂಪರಿಕ ವಾದ್ಯ ಅಂತ ಘೋಷಿಸಿತು. ಅಲ್ಲೀಗ ಆಡಿನ ಚರ್ಮದ ಘುಮಟ್ ಮಾಡುತ್ತಾರೆ. ಅದೇ ಕಾಡು, ಅದೇ ಜನ, ಅದೇ ಮಾತು. ಮಧ್ಯೆ ಒಂದು ಚೆಕ್‌ಪೋಸ್ಟ್ ಅಷ್ಟೇ.

ಇನ್ನೊಂದು ವಿಷಯ ಅಜ್ಜ ಹೇಳಿದ್ದು. ಯಾರೋ ಓದಿದ ಹುಡುಗ ಇವರ ಪರವಾಗಿ ಒಂದು ಅರ್ಜಿ ತುಂಬಿದ್ದನಂತೆ. ಯಾವ ಕಚೇರಿ, ಯಾವ ಯೋಜನೆ ಅಂತ ನಾನು ಹೇಳೋದಿಲ್ಲ. ಅಲ್ಲಿಂದ ಬಂದ ಪ್ರಶ್ನೆ: ಕಾರ್ಯಕ್ರಮ ನೀಡಿದ್ದಕ್ಕೆ ಪ್ರಮಾಣಪತ್ರ ಎಲ್ಲಿ? ಆಹ್ವಾನ ಪತ್ರಿಕೆ ಎಲ್ಲಿ? ಪೇಪರ್ ಕಟಿಂಗ್ ಎಲ್ಲಿ?

ಅಲ್ಲ ಸ್ವಾಮಿ, ದೇವರ ಅಂಗಳದಲ್ಲಿ ಬಾರಿಸಿದ್ದಕ್ಕೆ ಸರ್ಟಿಫಿಕೇಟ್ ಯಾರು ಕೊಡ್ತಾರೆ? ಶಿಗ್ಮೊಗೆ ಆಹ್ವಾನ ಪತ್ರಿಕೆ ಅಚ್ಚು ಹಾಕಿಸ್ತಾರಾ? ಮನೆಮನೆಗೆ ಹೋಗಿ ಬಾರಿಸಿ ಕುಣಿದು ಬರುವ ಕಲೆ ಅದು. 'ನಾನು ಬಾರಿಸೋದು ಊರಿಗೆಲ್ಲ ಗೊತ್ತು, ಕಾಗದಕ್ಕೆ ಗೊತ್ತಿಲ್ಲ ಸಾರ್' ಅಂದರು ಅಜ್ಜ. ದೂರಿನ ಧಾಟಿಯಲ್ಲಿ ಹೇಳಲಿಲ್ಲ. ಮಳೆ ತಡವಾಯಿತು ಅಂತ ಹೇಳುವ ಹಾಗೆ ಹೇಳಿದರು.

ಈಗ ಮಂಡಳಿಗೆ ಬರೋಣ.

ನಮ್ಮಲ್ಲಿ ಸಾಹಿತ್ಯ ಅಕಾಡೆಮಿ ಶುರುವಾಗಿದ್ದು 1961ರಲ್ಲಿ. ಆಮೇಲೆ ಒಂದೊಂದಾಗಿ ನಾಟಕ, ಸಂಗೀತ ನೃತ್ಯ, ಲಲಿತಕಲೆ, ಶಿಲ್ಪಕಲೆ, ಜಾನಪದ, ಯಕ್ಷಗಾನ, ಬಯಲಾಟ, ತುಳು, ಕೊಂಕಣಿ, ಕೊಡವ, ಬ್ಯಾರಿ, ಅರೆಭಾಷೆ. ಪ್ರತಿಯೊಂದಕ್ಕೂ ಸರ್ಕಾರ ಒಬ್ಬ ಅಧ್ಯಕ್ಷರನ್ನು, ಒಂದಷ್ಟು ಸದಸ್ಯರನ್ನು ನಾಮನಿರ್ದೇಶನ ಮಾಡುತ್ತೆ. ಅವಧಿ ಮೂರು ವರ್ಷ. ರಿಜಿಸ್ಟ್ರಾರ್ ಇಲಾಖೆಯ ಅಧಿಕಾರಿ. ಯಾರಿಗೆ ಪ್ರಶಸ್ತಿ, ಯಾವ ಪುಸ್ತಕಕ್ಕೆ ದುಡ್ಡು, ಎಲ್ಲಿ ತರಬೇತಿ ಶಿಬಿರ, ಇದೆಲ್ಲ ನಿರ್ಧಾರ ಆಗೋದು ಈ ಮಂಡಳಿಯ ಸರ್ವಸದಸ್ಯರ ಸಭೆಯಲ್ಲಿ. ಅಂದರೆ ಆ ಮೇಜಿನ ಸುತ್ತ ಯಾರು ಕೂತಿದ್ದಾರೆ ಅನ್ನೋದರ ಮೇಲೆ ಎಲ್ಲ ನಿಂತಿದೆ.

ಮೂರು ವರ್ಷ ಅಂದೆ. ಅದೂ ಗ್ಯಾರಂಟಿ ಇಲ್ಲ. 2019ರಲ್ಲಿ ಬಿಜೆಪಿ ಸರ್ಕಾರ ಬಂದ ಕೂಡಲೇ ಅವಧಿ ಮುಗಿಯದಿದ್ದರೂ ಅಕಾಡೆಮಿಗಳ ನಾಮನಿರ್ದೇಶನ ರದ್ದಾಯಿತು. ಅಕ್ಟೋಬರಿನಲ್ಲಿ ಹೊಸ ಪಟ್ಟಿ ಬಂತು. 2023ರ ಮೇನಲ್ಲಿ ಕಾಂಗ್ರೆಸ್ ಸರ್ಕಾರ ಬಂತು. ಇವರ ಪಟ್ಟಿ ಬಂದದ್ದು 2024ರ ಮಾರ್ಚ್‌ನಲ್ಲಿ, ಲೋಕಸಭಾ ಚುನಾವಣೆ ಹೊಸ್ತಿಲಲ್ಲಿ. ಹತ್ತು ತಿಂಗಳು ಅಕಾಡೆಮಿಗಳಿಗೆ ಹೊಸ ಯಜಮಾನರೇ ಇರಲಿಲ್ಲ. ಬಂದ ಮೇಲೆ ನೀತಿಸಂಹಿತೆ. ನೀತಿಸಂಹಿತೆ ಮುಗಿದ ಮೇಲೆ ನೋಡಿದರೆ ಕ್ವೀನ್ಸ್ ರಸ್ತೆಯ ಮೀಟಿಂಗು.

ಎರಡೂ ಪಕ್ಷದ ವಕ್ತಾರರು ನಮ್ಮ ಸ್ಟುಡಿಯೋಗೆ ಬಂದು ಸ್ವಾಯತ್ತತೆ ಬಗ್ಗೆ ಪಾಠ ಮಾಡಿದರು. ನಾನು ಕೇಳಿದೆ, 2019ರಲ್ಲಿ ಅವಧಿಗೆ ಮೊದಲೇ ಕಿತ್ತು ಹಾಕಿದಾಗ ಈ ಸ್ವಾಯತ್ತತೆ ಎಲ್ಲಿತ್ತು? 2023ರಲ್ಲಿ ಹತ್ತು ತಿಂಗಳು ಕುರ್ಚಿ ಖಾಲಿ ಬಿಟ್ಟಾಗ ಎಲ್ಲಿತ್ತು? ಅಷ್ಟರಲ್ಲಿ ಬ್ರೇಕ್ ಬಂತು.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಅದೇ 2019ರ ಪಟ್ಟಿಯಲ್ಲಿ ಜಾನಪದ ಅಕಾಡೆಮಿ ಅಧ್ಯಕ್ಷರಾದವರು ಮಂಜಮ್ಮ ಜೋಗತಿ. ಆ ಸ್ಥಾನಕ್ಕೆ ಬಂದ ಮೊದಲ ತೃತೀಯಲಿಂಗಿ. ಜೋಗತಿ ನೃತ್ಯ ಆಡುತ್ತಾ, ಎಲ್ಲಮ್ಮನ ಕತೆ ಹಾಡುತ್ತಾ ಊರೂರು ಸುತ್ತಿದವರು. 2021ರಲ್ಲಿ ರಾಷ್ಟ್ರಪತಿಗಳಿಗೆ ಸೆರಗಿಂದ ದೃಷ್ಟಿ ತೆಗೆದು ಪದ್ಮಶ್ರೀ ಪಡೆದಿದ್ದನ್ನ ಇಡೀ ದೇಶ ನೋಡಿತು. 2024ರ ಪಟ್ಟಿಯಲ್ಲಿ ಅಧ್ಯಕ್ಷರಾದ ಗೊಲ್ಲಹಳ್ಳಿ ಶಿವಪ್ರಸಾದ್ ಕೂಡ ಹಾಡುಗಾರರೇ. ಅಂದರೆ ಕಲಾವಿದರನ್ನೇ ಆ ಕುರ್ಚಿಯಲ್ಲಿ ಕೂರಿಸೋದು ಯಾವ ಸರ್ಕಾರಕ್ಕೂ ಅಸಾಧ್ಯವೇನಲ್ಲ. ಉತ್ತರ ಕನ್ನಡದವರಿಗೂ ಸಿಕ್ಕಿದೆ. ಯಕ್ಷಗಾನ ಅಕಾಡೆಮಿಗೆ ಎಂ.ಎ. ಹೆಗಡೆ ಅಧ್ಯಕ್ಷರಾಗಿದ್ದರು, 2021ರಲ್ಲಿ ಅವರು ತೀರಿಕೊಂಡ ಮೇಲೆ ಬಂದ ಜಿ.ಎಲ್. ಹೆಗಡೆಯವರೂ ನಮ್ಮ ಜಿಲ್ಲೆಯವರೇ. ಯಕ್ಷಗಾನಕ್ಕೆ ಮೇಳ ಇದೆ, ಪುಸ್ತಕ ಇದೆ, ಬರೆಯುವವರಿದ್ದಾರೆ, ಕೇಳುವವರಿದ್ದಾರೆ. ಗುಮಟೆಗೆ ಯಾರಿದ್ದಾರೆ?

ಇಂಜಿನಿಯರಿಂಗ್ ಓದಿದ ಬುದ್ಧಿ, ಲೆಕ್ಕ ಹಾಕದೆ ಸುಮ್ಮನಿರೋದಿಲ್ಲ. ಜಾನಪದ ಅಕಾಡೆಮಿ ವಾರ್ಷಿಕ ಗೌರವ ಪ್ರಶಸ್ತಿಯನ್ನು ಜಿಲ್ಲೆಗೊಬ್ಬರಂತೆ ಕೊಡುತ್ತಾ ಬಂದಿದೆ. ಕೇಳೋದಕ್ಕೆ ಸಮಪಾಲು. ಉತ್ತರ ಕನ್ನಡದಲ್ಲಿ 12 ತಾಲ್ಲೂಕು. ಸರದಿ ಪ್ರಕಾರ ಹೋದರೆ ಜೋಯಿಡಾಕ್ಕೆ 12 ವರ್ಷಕ್ಕೊಮ್ಮೆ. ಜೋಯಿಡಾದೊಳಗೆ ಕುಣಬಿಗಳಿದ್ದಾರೆ, ಗೌಳಿಗಳಿದ್ದಾರೆ, ಸಿದ್ದಿಗಳಿದ್ದಾರೆ. ಕುಣಬಿ ಹೆಂಗಸರ ಫುಗಡಿ ಬೇರೆ, ಗಂಡಸರ ಗುಮಟೆ ಬೇರೆ, ಸಿದ್ದಿಗಳ ಡಮಾಮಿ ಬೇರೆ. ಇದರಲ್ಲಿ ಒಬ್ಬ ಗುಮಟೆ ಅಜ್ಜನ ಪಾಳಿ ಬರೋದು ಯಾವಾಗ? ಎಪ್ಪತ್ತು ದಾಟಿದವರಿಗೆ ಇನ್ನೊಂದು ಮೂವತ್ತು, ನಲವತ್ತು ವರ್ಷ ತಡೀರಿ ಅನ್ನಬೇಕಾಗುತ್ತೆ.

ಇದು ಸರದಿ ಸರಿಯಾಗಿ ನಡೆದರೆ ಬರುವ ಲೆಕ್ಕ. ಶಿಫಾರಸು ಪತ್ರ ಹಿಡಿದು ಬಂದವರು ಮಧ್ಯೆ ನುಗ್ಗಿದರೆ ಬೇರೆ ಲೆಕ್ಕ.

ಭಾಷೆಯ ಗೋಜಲು ಇನ್ನೊಂದು. ಕುಣಬಿಗಳ ಮನೆಮಾತು ಕೊಂಕಣಿ. ಹಾಗಾದರೆ ಕೊಂಕಣಿ ಸಾಹಿತ್ಯ ಅಕಾಡೆಮಿಗೆ ಹೋಗಿ ಅನ್ನಬಹುದು. ಅದಿರೋದು ಮಂಗಳೂರಲ್ಲಿ. ಜಾನಪದಕ್ಕೆ ಹೋಗಿ ಅಂದರೆ ಬೆಂಗಳೂರು, ಹತ್ತಿರ ಹತ್ತಿರ 500 ಕಿಲೋಮೀಟರ್. ಜಿಲ್ಲಾ ಕೇಂದ್ರ ಕಾರವಾರಕ್ಕೆ ಹೋಗಬೇಕಾದರೂ ಅಣಶಿ ಘಟ್ಟ ಇಳಿಯಬೇಕು, ಮಳೆಗಾಲದಲ್ಲಿ ಆ ಘಟ್ಟ ಇಳಿದು ನೋಡಿ ಆಮೇಲೆ ಹೇಳಿ. ಗೋವಾದ ಕುಣಬಿಗಳಿಗೆ 2003ರಲ್ಲೇ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು, ಉತ್ತರ ಕನ್ನಡದ ಸಿದ್ದಿಗಳಿಗೂ ಅದೇ ವರ್ಷ. ಜೋಯಿಡಾದ ಕುಣಬಿಗಳು ಇವತ್ತಿಗೂ ಕೇಳುತ್ತಲೇ ಇದ್ದಾರೆ. ಹಾಗಾಗಿ ಬುಡಕಟ್ಟಿನ ಲೆಕ್ಕದಲ್ಲಿ ಬರುವ ಯೋಜನೆಗಳೂ ಇವರ ಪಕ್ಕದಿಂದ ಹಾದುಹೋಗುತ್ತವೆ.

ಬೇರೆ ಕಡೆ ಹೇಗೆ ಅಂತ ಕೇಳಬಹುದು. ದೆಹಲಿಯ ಕೇಂದ್ರ ಸಾಹಿತ್ಯ ಅಕಾಡೆಮಿಯಲ್ಲಿ ಅಧ್ಯಕ್ಷರನ್ನು ಸಾಮಾನ್ಯ ಸಭೆಯ ಸದಸ್ಯರು ಓಟು ಹಾಕಿ ಆರಿಸುತ್ತಾರೆ. 2018ರಲ್ಲಿ ನಮ್ಮ ಚಂದ್ರಶೇಖರ ಕಂಬಾರರು ಹಾಗೆ ಗೆದ್ದವರು. ಒಡಿಯಾದ ಪ್ರತಿಭಾ ರಾಯ್, ಮರಾಠಿಯ ಭಾಲಚಂದ್ರ ನೇಮಾಡೆ ಎದುರಾಳಿಗಳು. ಅಲ್ಲಿ ರಾಜಕೀಯ ಇಲ್ಲ ಅಂತಲ್ಲ, ಇದೆ. ಆದರೆ ಗೆದ್ದವರು ಥ್ಯಾಂಕ್ಸ್ ಹೇಳಬೇಕಾದ್ದು ಜೊತೆಯ ಲೇಖಕರಿಗೆ. ಬ್ರಿಟನ್ನಿನಲ್ಲಿ 1946ರಲ್ಲಿ ಆರ್ಟ್ಸ್ ಕೌನ್ಸಿಲ್ ಹುಟ್ಟಿತು, ಅದರ ಹಿಂದಿದ್ದವರು ಅರ್ಥಶಾಸ್ತ್ರಜ್ಞ ಕೇನ್ಸ್. ಸರ್ಕಾರ ದುಡ್ಡು ಕೊಡಲಿ, ಯಾರಿಗೆ ಅನ್ನೋದನ್ನ ಕೇಳದಿರಲಿ ಅನ್ನೋದು ಅಲ್ಲಿಯ ಪದ್ಧತಿ. ಅಧ್ಯಕ್ಷರನ್ನು ನೇಮಿಸೋದು ಅಲ್ಲೂ ಸರ್ಕಾರವೇ, ಅದು ಬೇರೆ ಮಾತು.

ನಮ್ಮಲ್ಲಿ ಸದಸ್ಯರಾದವರು ಯಾರಿಗೆ ಥ್ಯಾಂಕ್ಸ್ ಹೇಳಬೇಕು? ಪಟ್ಟಿಗೆ ಹೆಸರು ಸೇರಿಸಿದವರಿಗೆ. ಅದಕ್ಕೇ ಕರೆದರೆ ಪಕ್ಷದ ಆಫೀಸಿಗೂ ಹೋಗುತ್ತಾರೆ. ಕುಂಬಾರವಾಡದಿಂದ ಯಾರೂ ಕರೆಯೋದಿಲ್ಲ, ಕರೆದರೂ ಆ ಕರೆಗೆ ಹೋಗದಿದ್ದರೆ ಕುರ್ಚಿಗೆ ಏನೂ ಆಗೋದಿಲ್ಲ. ಕ್ವೀನ್ಸ್ ರಸ್ತೆಯ ಮೀಟಿಂಗು ನನಗೆ ಕೋಪ ತರಿಸಿದ್ದು ಈ ಕಾರಣಕ್ಕೆ. ಮಂಡಳಿಯ ಮುಖ ಯಾವ ಕಡೆ ತಿರುಗಿದೆ ಅಂತ ಅದು ತೋರಿಸಿಬಿಟ್ಟಿತು.

ಕಾನೂನು ತಿದ್ದಿ, ಚುನಾವಣೆ ಮಾಡಿ ಅಂತ ನಾನು ಹೇಳಬಹುದು. ಯಾರೂ ಮಾಡೋದಿಲ್ಲ, ನನಗೂ ಗೊತ್ತು. ಈಗಿರುವ ನಿಯಮದಲ್ಲೇ ಒಂದು ದಾರಿ ಇದೆ. ಸಹ ಸದಸ್ಯರನ್ನು ಸೇರಿಸಿಕೊಳ್ಳೋ ಅವಕಾಶ ಅಕಾಡೆಮಿಗಳಿಗಿದೆ. ಆ ಜಾಗಕ್ಕೆ ಜೋಯಿಡಾದ ಕಾಡಿಂದ ಒಬ್ಬರನ್ನು ತನ್ನಿ. ಮೀಟಿಂಗ್‌ಗೆ ಬಂದಾಗ ಅವರು ಭಾಷಣ ಮಾಡಬೇಕಾಗಿಲ್ಲ. ಪ್ರಮಾಣಪತ್ರ ಎಲ್ಲಿ ಅಂತ ಕಡತದಲ್ಲಿ ಬರೆಯುವಾಗ, ಶಿಗ್ಮೊಗೆ ಪ್ರಮಾಣಪತ್ರ ಇರೋದಿಲ್ಲ ಅಂತ ಒಂದು ಮಾತು ಹೇಳಿದರೆ ಸಾಕು. ಊರಿನ ಗ್ರಾಮ ಪಂಚಾಯಿತಿ ಬರೆದುಕೊಟ್ಟ ಒಂದು ಕಾಗದವನ್ನು ಸಾಕ್ಷಿ ಅಂತ ಒಪ್ಪಿದರೆ ಸಾಕು. ಗೋವಾದಿಂದ ಆಡಿನ ಚರ್ಮ ಕಟ್ಟಲು ಬಲ್ಲ ಒಬ್ಬರನ್ನು ಕರೆಸಿ, ಕುಂಬಾರವಾಡದಲ್ಲಿ ಒಂದು ವಾರದ ಶಿಬಿರ ಮಾಡಿದರೆ ಎಷ್ಟು ಖರ್ಚಾಗುತ್ತೆ? ಬೆಂಗಳೂರಿನ ಒಂದು ಪ್ರಶಸ್ತಿ ಸಮಾರಂಭದ ಹೂವು, ಶಾಲು, ಪೆಂಡಾಲಿನ ಬಿಲ್ಲು ತೆಗೆದು ನೋಡಿ.

ಆತುರ ಯಾಕೆ ಅಂದರೆ, ಶಿಗ್ಮೊ ಒಬ್ಬರೇ ಆಡುವ ಆಟ ಅಲ್ಲ. ಗುಮಟೆಗೆ ಒಬ್ಬರು, ಕಂಸಾಳೆಗೆ ಒಬ್ಬರು, ಹಾಡು ಹೇಳುವವರು, ಅದಕ್ಕೆ ದನಿ ಕೂಡಿಸುವವರು, ಕುಣಿಯುವವರು. ಪರಿಹಾರ ತಗೊಂಡು ಒಂದೊಂದೇ ಮನೆ ಕಾಡಿನಿಂದ ಹೊರಗೆ ಹೋಗುತ್ತಿದ್ದ ಹಾಗೆ ತಂಡವೂ ಒಬ್ಬೊಬ್ಬರಂತೆ ಕರಗುತ್ತೆ. ಅಜ್ಜನ ತಂಡದಲ್ಲಿ ಆ ವರ್ಷ ಉಳಿದಿದ್ದವರು ಆರು ಜನ.

ಮುಂದಿನ ಹೋಳಿ ಬರಲಿದೆ. ಜಾನಪದ ಅಕಾಡೆಮಿಯ ಅಧ್ಯಕ್ಷರಿಗೆ, ಕೊಂಕಣಿ ಅಕಾಡೆಮಿಯ ಅಧ್ಯಕ್ಷರಿಗೆ, ಇಬ್ಬರಿಗೂ ಈ ಕಾರ್ಯಕ್ರಮದಿಂದಲೇ ಆಹ್ವಾನ ಕೊಡ್ತಿದ್ದೀನಿ. ಒಂದು ಸರ್ವಸದಸ್ಯರ ಸಭೆಯನ್ನ ಕುಂಬಾರವಾಡದಲ್ಲಿ ಇಟ್ಟುಕೊಳ್ಳಿ. ಜಗಲಿ ಇದೆ, ಚಾಪೆ ಇದೆ, ಗಡ್ಡೆ ಗೆಣಸಿನ ಊಟ ಹಾಕ್ತಾರೆ. ಪೆಂಡಾಲು ಬೇಕಾಗಿಲ್ಲ. ಬರುವಾಗ ಹದ ಮಾಡಿದ ಒಂದು ಆಡಿನ ಚರ್ಮ ತನ್ನಿ.