ಅಚ್ಚಿನ ಪುಟದಿಂದ ಗಣಕದ ಪರದೆಗೆ: ‘ಕಂಪ್ಯೂಟ್ಸ್ ಗೆಜೆಟ್’ ಕಲಿಸಿದ ಪಾಠ



ಪತ್ರಿಕೆ ಕೊಂಡವರು ಅದನ್ನು ಓದುತ್ತಾರೆ, ಓದಿದ ಮೇಲೆ ಪಕ್ಕದ ಮನೆಗೆ ಕೊಡುತ್ತಾರೆ, ಕೊನೆಗೆ ರದ್ದಿಗೆ ಹಾಕುತ್ತಾರೆ. ಆದರೆ ಕೊಂಡ ಪತ್ರಿಕೆಯನ್ನು ಕಂಪ್ಯೂಟರಿನ ಪಕ್ಕದಲ್ಲಿ ತೆರೆದಿಟ್ಟು, ಒಂದು ಅಲ್ಪವಿರಾಮವನ್ನೂ ಬಿಡದೆ ಅದರ ಪುಟಗಳನ್ನು ಬೆರಳಚ್ಚು ಮಾಡುತ್ತಿದ್ದ ಓದುಗರೂ ಒಂದು ಕಾಲದಲ್ಲಿದ್ದರು. 1980ರ ದಶಕದಲ್ಲಿ ಅಮೆರಿಕದ ಅನೇಕ ಮನೆಗಳಲ್ಲಿ ಇದು ರಾತ್ರಿಯ ಕೆಲಸವಾಗಿತ್ತು. ಅಂಥ ಓದುಗರನ್ನು ಬೆಳೆಸಿದ ಮಾಸಪತ್ರಿಕೆಗಳಲ್ಲಿ ಒಂದು ‘ಕಂಪ್ಯೂಟ್ಸ್ ಗೆಜೆಟ್’. ಗಣಕವನ್ನು ಬಳಸುವುದಕ್ಕೂ ಅದನ್ನು ಅರಿಯುವುದಕ್ಕೂ ಇರುವ ಅಂತರವನ್ನು ಈ ಪತ್ರಿಕೆಯ ಕಥೆ ಚೆನ್ನಾಗಿ ತಿಳಿಸುತ್ತದೆ.

ಮೊದಲು ಸ್ವಲ್ಪ ಹಿನ್ನೆಲೆ. ರಾಬರ್ಟ್ ಲಾಕ್ ಎಂಬುವರು 1979ರಲ್ಲಿ ನಾರ್ತ್ ಕ್ಯಾರೊಲಿನಾ ರಾಜ್ಯದ ಗ್ರೀನ್ಸ್‌ಬರೊ ನಗರದಿಂದ ‘ಕಂಪ್ಯೂಟ್!’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಹಲವು ಕಂಪನಿಗಳ ಗಣಕಗಳ ವಿಷಯ ಅದರಲ್ಲಿರುತ್ತಿತ್ತು. 1982ರಲ್ಲಿ ‘ಕಮೊಡೋರ್ 64’ ಎಂಬ ಗೃಹಗಣಕ 595 ಡಾಲರ್ ಬೆಲೆಗೆ ಮಾರುಕಟ್ಟೆಗೆ ಬಂತು. ಮರುವರ್ಷವೇ ಅದರ ಬೆಲೆ 200 ಡಾಲರಿನ ಆಸುಪಾಸಿಗೆ ಇಳಿಯಿತು. ಮನೆಯ ಟೀವಿಯೇ ಅದಕ್ಕೆ ಪರದೆ. ಮುಂದೆ ಒಂದು ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾದ ಈ ಯಂತ್ರ ಮತ್ತು ಅದಕ್ಕಿಂತ ಮೊದಲೇ ಬಂದಿದ್ದ ‘ವಿಕ್-20’, ಇವೆರಡರ ಬಳಕೆದಾರರಿಗೆಂದೇ 1983ರ ಜುಲೈಯಲ್ಲಿ ‘ಗೆಜೆಟ್’ ಆರಂಭವಾಯಿತು.

ಆ ಯಂತ್ರದ ಗುಂಡಿ ಒತ್ತಿದರೆ ಇಂದಿನಂತೆ ಚಿತ್ರಗಳಾಗಲಿ ಪಟ್ಟಿಗಳಾಗಲಿ ಕಾಣುತ್ತಿರಲಿಲ್ಲ. ‘ರೆಡಿ’ ಎಂಬ ಒಂದು ಪದ, ಅದರ ಕೆಳಗೆ ಮಿನುಗುವ ಒಂದು ಚೌಕ, ಅಷ್ಟೇ. ಮುಂದೇನು ಮಾಡಬೇಕೆಂದು ಮನುಷ್ಯನೇ ಬೇಸಿಕ್ ಭಾಷೆಯಲ್ಲಿ ಹೇಳಬೇಕು. ಆಟ, ಲೆಕ್ಕ, ಸಂಗೀತ, ಯಾವುದಕ್ಕಾದರೂ ಪ್ರೋಗ್ರಾಂ ಬೇಕು. ಅಂಗಡಿಯಲ್ಲಿ ಸಿಗುವ ಪ್ರೋಗ್ರಾಂ ದುಬಾರಿ. ಆಗ ಅತ್ಯಂತ ಅಗ್ಗದ ವಾಹಕವೆಂದರೆ ಕಾಗದ. ಆದ್ದರಿಂದಲೇ ‘ಗೆಜೆಟ್’ ಪ್ರೋಗ್ರಾಂಗಳನ್ನು ಸಾಲುಸಾಲಾಗಿ ಅಚ್ಚು ಹಾಕಿತು. ಓದುಗರು ಬರೆದು ಕಳಿಸಿದ ಪ್ರೋಗ್ರಾಂಗಳನ್ನೂ ಸಂಭಾವನೆ ಕೊಟ್ಟು ಪ್ರಕಟಿಸಿತು.

ಇಲ್ಲೇ ತೊಡಕು ಶುರು. ‘ಪೋಕ್ 53281,0’ ಎಂದು ಕೊಟ್ಟರೆ ಕಮೊಡೋರ್ 64ರ ಪರದೆಯ ಹಿನ್ನೆಲೆ ಕಪ್ಪಾಗುತ್ತದೆ. 53280 ಎಂದು ಹೊಡೆದರೆ ಹಿನ್ನೆಲೆಯ ಬದಲು ಅಂಚು ಕಪ್ಪಾಗುತ್ತದೆ. ಅಂಕಿಗಳು ಹಿಂದುಮುಂದಾಗಿ 53218 ಆದರೆ ಕಣ್ಣಿಗೆ ಏನೂ ಕಾಣಿಸದು. ನೂರಾರು ಸಾಲುಗಳಲ್ಲಿ ಇಂಥದೊಂದು ತಪ್ಪು ಎಲ್ಲಿ ಅಡಗಿದೆಯೆಂದು ಹುಡುಕುವುದು ಹೇಗೆ? ಓಲೆಗರಿಯ ನಕಲುಗಾರ ಒಂದು ಅಕ್ಷರ ತಪ್ಪಿದರೆ ಜಾಣ ಓದುಗ ಸಂದರ್ಭ ನೋಡಿ ತಿದ್ದಿಕೊಳ್ಳಬಲ್ಲ. ಗಣಕಕ್ಕೆ ಆ ವಿವೇಚನೆಯಿಲ್ಲ.

ಇದಕ್ಕೆ ‘ಗೆಜೆಟ್’ 1983ರ ಅಕ್ಟೋಬರ್ ಸಂಚಿಕೆಯಲ್ಲಿ ಕೊಟ್ಟ ಪರಿಹಾರ ‘ಆಟೊಮ್ಯಾಟಿಕ್ ಪ್ರೂಫ್‌ರೀಡರ್’, ಅಂದರೆ ಕರಡು ತಿದ್ದುವ ಒಂದು ಪುಟ್ಟ ಪ್ರೋಗ್ರಾಂ. ಗಣಕದೊಳಗೆ ಪ್ರತಿ ಅಕ್ಷರಕ್ಕೂ ಒಂದು ಸಂಕೇತಸಂಖ್ಯೆ ಇರುತ್ತದೆ. ಇಂಗ್ಲಿಷಿನ ‘ಎ’ಗೆ 65 ಇದ್ದಂತೆ. ಒಂದು ಸಾಲು ಹೊಡೆದು ಮುಗಿಸಿದೊಡನೆ ಪ್ರೂಫ್‌ರೀಡರ್ ಆ ಸಂಖ್ಯೆಗಳನ್ನು ಕೂಡಿ, 256ಕ್ಕಿಂತ ಕಡಿಮೆಯ ಒಂದು ಸಂಖ್ಯೆಯನ್ನು ಪರದೆಯ ಮೂಲೆಯಲ್ಲಿ ತೋರಿಸುತ್ತಿತ್ತು. ಪತ್ರಿಕೆಯಲ್ಲಿ ಆ ಸಾಲಿನ ಕೊನೆಗೆ ಅಚ್ಚಾದ ಸಂಖ್ಯೆಯೂ ಅದೇ ಆಗಿದ್ದರೆ ಮುಂದಿನ ಸಾಲಿಗೆ ಹೋಗಬಹುದು. ಅಂಗಡಿಯವರು ಖಾತೆಪುಸ್ತಕದ ಮೊತ್ತವನ್ನು ತಾಳೆ ನೋಡುವಂತೆಯೇ ಇದು.

ಆದರೆ ಈ ಉಪಾಯದಲ್ಲೂ ಒಂದು ಕಿಂಡಿಯಿತ್ತು. 81ರ ಬದಲು 18 ಎಂದು ಹೊಡೆದರೂ ಕೂಡಿದ ಮೊತ್ತ ಒಂದೇ! ಹೀಗಾಗಿ 1986ರಲ್ಲಿ ಬಂದ ಹೊಸ ಪ್ರೂಫ್‌ರೀಡರ್ ಅಕ್ಷರ ಯಾವುದು ಎಂಬುದರ ಜೊತೆಗೆ ಅದು ಎಷ್ಟನೆಯ ಸ್ಥಾನದಲ್ಲಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಪತ್ರಿಕೆಯ ಕಡೆಯಿಂದಲೇ ತಪ್ಪಾದಾಗ ಮುಂದಿನ ಸಂಚಿಕೆಗಳಲ್ಲಿ ‘ಬಗ್-ಸ್ವಾಟರ್’ ಎಂಬ ಅಂಕಣದಲ್ಲಿ ತಿದ್ದುಪಡಿ ಬರುತ್ತಿತ್ತು. ಹುಳ ಬಡಿಯುವ ಬಡಿಗೆ ಎಂದು ಆ ಹೆಸರಿನ ಅರ್ಥ.

‘ಗೆಜೆಟ್’ಗೆ ಹೆಚ್ಚು ಹೆಸರು ತಂದದ್ದು 1984ರ ಜನವರಿ ಸಂಚಿಕೆಯ ‘ಸ್ಪೀಡ್‌ಸ್ಕ್ರಿಪ್ಟ್’. ಪತ್ರ, ಪ್ರಬಂಧಗಳನ್ನು ಬರೆದು ತಿದ್ದಿ ಮುದ್ರಿಸಲು ನೆರವಾಗುವ ಪದಸಂಸ್ಕಾರಕ ಅದು. ಪತ್ರಿಕೆಯ ಬಳಗದ ಚಾರ್ಲ್ಸ್ ಬ್ರಾನನ್ ಅದನ್ನು ರಚಿಸಿದ್ದರು. ಅದರ ಗಾತ್ರ ಸುಮಾರು 5 ಕಿಲೋಬೈಟ್ ಮಾತ್ರ. ಆದರೂ ಅಂಗಡಿಯಲ್ಲಿ ಹೆಚ್ಚು ಬೆಲೆಗೆ ಸಿಗುತ್ತಿದ್ದ ಪದಸಂಸ್ಕಾರಕಗಳ ಅನೇಕ ಸೌಲಭ್ಯಗಳು ಅದರಲ್ಲಿದ್ದವು. ಪತ್ರಿಕೆಯ ಬೆಲೆಗೆ ಇಷ್ಟು ದೊರೆತರೂ ಶ್ರಮವೇನೂ ಕಡಿಮೆಯಿರಲಿಲ್ಲ. ಅದು ಬೇಸಿಕ್‌ನಲ್ಲಿರದೆ ಯಂತ್ರಭಾಷೆಯಲ್ಲಿದ್ದುದರಿಂದ ಪುಟಗಳ ತುಂಬ ಬರೀ ಸಂಖ್ಯೆಗಳು. ‘ಎಂಎಲ್‌ಎಕ್ಸ್’ ಎಂಬ ಸಹಾಯಕ ಪ್ರೋಗ್ರಾಂ ಹಾಕಿಕೊಂಡು ಸಾಲಿಗೆ ಆರರಂತೆ ಸಂಖ್ಯೆಗಳನ್ನು, ಅವುಗಳ ಜೊತೆಗೆ ತಾಳೆಗಾಗಿ ಏಳನೆಯದನ್ನು ಹೊಡೆಯಬೇಕು. ಹೀಗೆ ಐದು ಸಾವಿರ ಸಂಖ್ಯೆಗಳಾಗಬೇಕು.

ಹಾಗೆ ಹೊಡೆದವರೆಲ್ಲ ಪ್ರೋಗ್ರಾಂ ಬರೆಯಲು ಕಲಿತರು ಎಂದರೆ ಉತ್ಪ್ರೇಕ್ಷೆ. ಅಂಕಿಗಳ ಆ ಕಾಡನ್ನು ನೋಡಿ ಏನನ್ನಾದರೂ ಅರಿಯುವುದು ಸಾಮಾನ್ಯರಿಗೆ ಸಾಧ್ಯವಿರಲಿಲ್ಲ. ಆದರೆ ಪತ್ರಿಕೆಯ ಬಳಗ ಅಲ್ಲಿಗೆ ನಿಲ್ಲಿಸಲಿಲ್ಲ. 1985ರಲ್ಲಿ ಸ್ಪೀಡ್‌ಸ್ಕ್ರಿಪ್ಟಿನ ಮೂಲಪಾಠವನ್ನು ವಿವರಣೆಯ ಸಹಿತ ಪುಸ್ತಕವಾಗಿಯೇ ಪ್ರಕಟಿಸಿತು. ಬೇಸಿಕ್ ಪ್ರೋಗ್ರಾಂಗಳಂತೂ ಕಣ್ಣೆದುರೇ ಬಿಚ್ಚಿಕೊಂಡಿರುತ್ತಿದ್ದವು. ಸೊನ್ನೆಯ ಜಾಗದಲ್ಲಿ 2 ಹಾಕಿದರೆ ಕಪ್ಪು ಹೋಗಿ ಕೆಂಪು ಬರುತ್ತದೆ ಎಂಬುದನ್ನು ಹತ್ತು ವರ್ಷದ ಹುಡುಗನೂ ಮಾಡಿ ನೋಡಬಹುದಿತ್ತು. ಯಂತ್ರದಲ್ಲಿ ನಡೆಯುವುದೆಲ್ಲ ಯಾರೋ ಬರೆದದ್ದು, ಅದನ್ನು ತಾನೂ ಬದಲಿಸಬಹುದು ಎಂಬ ಧೈರ್ಯ ಬಂದದ್ದು ಹೀಗೆ.

ಬೆರಳಚ್ಚಿನ ಕಷ್ಟ ಬೇಡವೆನ್ನುವ ಚಂದಾದಾರರಿಗೆ ಪತ್ರಿಕೆಯೇ ಫ್ಲಾಪಿ ಡಿಸ್ಕುಗಳನ್ನು ಒದಗಿಸಿತು. ಅದು ತಪ್ಪಲ್ಲ, ಬೆರಳು ನೋಯಿಸಿಕೊಳ್ಳುವುದೇ ವಿದ್ಯೆಯಲ್ಲವಷ್ಟೆ. ಕ್ರಮೇಣ ಪ್ರೋಗ್ರಾಂಗಳ ಗಾತ್ರ ಅಚ್ಚಿನ ಪುಟಕ್ಕೆ ನಿಲುಕದಷ್ಟು ಬೆಳೆಯಿತು. 1990ರಲ್ಲಿ ‘ಗೆಜೆಟ್’ ಪ್ರತ್ಯೇಕ ಪತ್ರಿಕೆಯಾಗಿ ಬರುವುದು ನಿಂತಿತು. ಅನಂತರ ‘ಕಂಪ್ಯೂಟ್’ ಪತ್ರಿಕೆಯೊಳಗೆ ಒಂದು ವಿಭಾಗವಾಗಿ, ಆಮೇಲೆ ಡಿಸ್ಕಿನಲ್ಲಿ ಮಾತ್ರ ಬಂದು 1995ರಲ್ಲಿ ಮುಗಿಯಿತು. ಅದಕ್ಕೆ ಒಂದು ವರ್ಷ ಮೊದಲೇ, 1994ರಲ್ಲಿ, ಕಮೊಡೋರ್ ಕಂಪನಿ ದಿವಾಳಿಯಾಗಿತ್ತು.

ಇಂದು ಅಂಗೈಯಲ್ಲಿರುವ ಫೋನಿನ ಶಕ್ತಿ ಕಮೊಡೋರ್ 64ಕ್ಕಿಂತ ಅನೇಕ ಸಾವಿರ ಪಟ್ಟು ಹೆಚ್ಚು. ಅದರಲ್ಲಿ ಓಡುವ ಪ್ರೋಗ್ರಾಂ ಮಾತ್ರ ಬಳಸುವವರ ಕಣ್ಣಿಗೆ ಬೀಳುವುದೇ ಇಲ್ಲ. ಯಂತ್ರ ಹೇಳಿದ್ದನ್ನು ಒಪ್ಪಿಕೊಳ್ಳುವುದೇ ಅಭ್ಯಾಸವಾಗಿದೆ. ಮಕ್ಕಳಿಗೆ ಗಣಕ ಕಲಿಸುವ ತಂದೆತಾಯಿಗಳೂ ಶಿಕ್ಷಕರೂ ಇದನ್ನು ಗಮನಿಸಬೇಕು. ಯಾವ ಗುಂಡಿ ಒತ್ತಿದರೆ ಏನು ಬರುತ್ತದೆ ಎಂಬುದು ವರ್ಷ ವರ್ಷಕ್ಕೂ ಬದಲಾಗುವ ತಿಳಿವಳಿಕೆ. ಇಪ್ಪತ್ತು ಸಾಲಿನ ಒಂದು ಪ್ರೋಗ್ರಾಂ ಓದಿ, ಅದರಲ್ಲಿ ಒಂದು ಅಂಕಿ ಬದಲಿಸಿ, ಏನಾಯಿತು, ಏಕಾಯಿತು ಎಂದು ಮಗು ತಾನೇ ಕಂಡುಕೊಂಡರೆ ಆ ತಿಳಿವಳಿಕೆ ಯಂತ್ರ ಬದಲಾದರೂ ಉಳಿಯುತ್ತದೆ. ಅದಕ್ಕೆ ಬೇಕಾದ ಸಾಧನಗಳು ಈಗ ಉಚಿತವಾಗಿಯೇ ದೊರೆಯುತ್ತವೆ. ಪಕ್ಕದಲ್ಲಿ ಕುಳಿತು ನೋಡುವ ಹಿರಿಯರು ಬೇಕು.