ಸೊರಗಿದ ಮಗುವಿಗೆ ಮನೆಯಲ್ಲೇ ಆರೈಕೆ



ದಾವಣಗೆರೆ, ಹರಿಹರದ ಸುತ್ತ ಭದ್ರಾ ನಾಲೆಯ ನೀರಿಗೆ ಬತ್ತ, ಮಳೆಯಾಶ್ರಯದ ಹೊಲಕ್ಕೆ ಮೆಕ್ಕೆಜೋಳ. ಶಾಮನೂರು ಇಂದು ನಗರದೊಳಗೇ ಸೇರಿದೆ. ಇಂಥ ಕಾಳಿನ ಸೀಮೆಯಲ್ಲೂ ಅಂಗನವಾಡಿಯ ತಕ್ಕಡಿಯಲ್ಲಿ ತೂಕ ಏರದ ಮಕ್ಕಳಿದ್ದಾರೆ.

ಇದಕ್ಕೆ ಕಣ್ಣಂದಾಜು ಸಾಲದು. 6 ತಿಂಗಳು ತುಂಬಿದ, 5 ವರ್ಷದೊಳಗಿನ ಮಗುವಿನ ಎಡರಟ್ಟೆಯ ನಡುವಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ, 11.5ರಿಂದ 12.5ರೊಳಗಿದ್ದರೆ ಮಧ್ಯಮ. ಎರಡೂ ಪಾದಗಳನ್ನು ಹೆಬ್ಬೆರಳಿನಿಂದ ಒತ್ತಿದಾಗ ಕುಳಿ ಉಳಿದರೆ ಅದೂ ತೀವ್ರವೇ. ಮಗು ಮೈತುಂಬಿಕೊಂಡಿದೆಯೆಂದು ಅಜ್ಜಿ ಹಿಗ್ಗುವುದು ಇಂಥ ಬಾವನ್ನು ಕಂಡೇ.

ಹಿಂದೆ ಇಂಥ ಮಕ್ಕಳನ್ನು ಆಸ್ಪತ್ರೆಗೆ ಸೇರಿಸುವುದೇ ಪದ್ಧತಿ. ಕಳೆ ತೆಗೆಯುವ ಕಾಲದಲ್ಲಿ ಕೂಲಿ ಬಿಟ್ಟು, ಮನೆಯ ಉಳಿದ ಮಕ್ಕಳನ್ನೂ ಬಿಟ್ಟು ತಾಯಿ ವಾರಗಟ್ಟಲೆ ಅಲ್ಲಿರುವುದಾದರೂ ಹೇಗೆ? ಚೆನ್ನಾಗಿ ತಿನ್ನುವ, ಬೇರೆ ತೊಡಕಿಲ್ಲದ ಮಗುವನ್ನು ಮನೆಯಲ್ಲಿಟ್ಟೇ ಗುಣಪಡಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮೊದಲಾದವು 2007ರಲ್ಲಿ ಸಾರಿದವು. ಕೇಂದ್ರ ಸರ್ಕಾರದ 2023ರ ಮಾರ್ಗಸೂಚಿಯೂ ಅದೇ ದಾರಿಯದು. ಆದರೆ ತಿನ್ನಲೊಲ್ಲದ, ಮಂಕಾದ, ಬಾವು, ಜ್ವರ ಅಥವಾ ವಾಂತಿಭೇದಿಯಿರುವ ಮಗುವನ್ನು ತಡಮಾಡದೆ ಜಿಲ್ಲಾ ಆಸ್ಪತ್ರೆಗೆ ಒಯ್ಯಬೇಕು. ಆರು ತಿಂಗಳೊಳಗಿನ ಕೂಸು ಸೊರಗಿದ್ದರೂ ಅಷ್ಟೇ.

ಊಟದ ಮಾತಿಗೆ ಬರೋಣ. ಮಗುವಿನ ಹೊಟ್ಟೆ ಚಿಕ್ಕದು. ನೀರು ಗಂಜಿಯಿಂದ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಹಿಟ್ಟು ಹೆಚ್ಚಿಸಿದರೆ ಗಟ್ಟಿಯಾಗಿ ನುಂಗಲಾಗದು. ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ, ಬೇರು ಉಜ್ಜಿ ತೆಗೆದು, ಹದವಾಗಿ ಹುರಿದು ಬೀಸಿದರೆ ಈ ಗಂಟು ಬಿಡಿಸಿದಂತೆ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಸರಿ ತೆಳ್ಳಗೇ ಇರುತ್ತದೆ. ಮೂರು ಪಾವು ರಾಗಿಗೆ ಒಂದು ಪಾವು ಹುರಿದ ಹೆಸರುಕಾಳು ಸೇರಿಸಿ ಬೀಸಬೇಕು. ಚೆನ್ನಾಗಿ ಬೇಯಿಸಿದ ಮೇಲೆ ಒಂದು ಚಮಚ ಎಣ್ಣೆ ಬೆರೆಸಬೇಕು. ಬೂಷ್ಟು ಹಿಡಿದ ಶೇಂಗಾ ಮಾತ್ರ ಯಾವ ಕಾರಣಕ್ಕೂ ಬೇಡ. ಅದರ ವಿಷ ಹುರಿದರೂ ಹೋಗದು. ಈ ಸರಿ ಕೇಂದ್ರದವರು ಕೊಡುವ ಆಹಾರ, ಔಷಧಿಗೆ ಬದಲಲ್ಲ, ಅದರ ಜೊತೆಗೆ.

ಮಗು ಆಡತೊಡಗಿದೊಡನೆ ವಾರದ ತೂಕಕ್ಕೆ ಹೋಗುವುದನ್ನು ಬಿಡುವವರುಂಟು. ಪೂರ್ತಿ ಚೇತರಿಸದ ಮಗು ಮುಂದಿನ ಭೇದಿಗೇ ಮತ್ತೆ ಸೊರಗುತ್ತದೆ. ತಾಯಿಗೆ ಬಿಡುವಿಲ್ಲದ ದಿನ ತಂದೆಯೇ ಎತ್ತಿಕೊಂಡು ಹೋಗಲಿ.

ಮೆಕ್ಕೆಜೋಳವೊಂದನ್ನೇ ನೆಚ್ಚಿದ ಊಟದಲ್ಲಿ ಲೈಸಿನ್, ಟ್ರಿಪ್ಟೋಫಾನ್ ಎಂಬ ಸಸಾರಜನಕದ ಅಂಶಗಳು ಕೊರತೆಯಾಗುತ್ತವೆ. ಲೈಸಿನ್ನಿನ ಕೊರತೆಯನ್ನು ಬೇಳೆಕಾಳು ತುಂಬುತ್ತದೆ. ಮೆಕ್ಕೆಜೋಳದ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕುವವರು, ಒಕ್ಕಣೆಯಾದ ಮೇಲೆ ಎಲ್ಲವನ್ನೂ ಮಂಡಿಗೆ ಸಾಗಿಸದೆ ಮನೆ ಖರ್ಚಿಗೆ ಒಂದು ಚೀಲ ತೆಗೆದಿಡುವುದು ಒಳ್ಳೆಯದು.