ಮನೆಯೊಳಗೆ ಎಲ್ಲರ ಮತಕ್ಕೂ ಜಾಗ



ಕುಟುಂಬ ಚಿಕಿತ್ಸೆಯ ಈ ಸಮಾವೇಶದ ಅಧ್ಯಕ್ಷತೆಯನ್ನು ನನಗೆ ವಹಿಸಿದ್ದೀರಿ. ಅದೂ ಮಾಣಿಕನಗರದಲ್ಲಿ. 1817ರಲ್ಲಿ ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಸಕಲಮತ ಸಂಪ್ರದಾಯವನ್ನು ಸಾರಿದ ನೆಲವಿದು. ನಮ್ಮ ಭಾಷೆಯಲ್ಲಿ ಮತ ಅಂದರೆ ಧರ್ಮವೂ ಹೌದು, ಅಭಿಪ್ರಾಯವೂ ಹೌದು. ಹೊರಗೆ ಎಲ್ಲ ಮತಗಳಿಗೂ ಕೈಮುಗಿಯುವ ನಾವು ಮನೆಯೊಳಗೆ ಸೊಸೆಯ ಮತ, ಮಗನ ಮತ, ಮೂಲೆಯಲ್ಲಿ ಕುಳಿತ ಆಯಿಯ ಮತ ಕೇಳುತ್ತೇವೆಯೇ? ಕುಟುಂಬ ಚಿಕಿತ್ಸೆ ಶುರುವಾಗುವುದೇ ಈ ಪ್ರಶ್ನೆಯಿಂದ.

ಇದು ಯಾವುದೋ ಒಂದು ಮನೆಯದಲ್ಲ, ನಾನು ಕಂಡ ಹಲವು ಮನೆಗಳನ್ನು ಸೇರಿಸಿ ಹೇಳುವ ಸಂಗತಿ. ಹತ್ತನೆಯ ತರಗತಿಯ ಹುಡುಗನಿಗೆ ಶಾಲೆಯ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಆದವು. ದೇವರಿಗೂ ದರ್ಗಾಕ್ಕೂ ಹೋಗಿ ಬಂದದ್ದಾಯಿತು. ನೋವು ನಿಲ್ಲಲಿಲ್ಲ. ಕೊನೆಗೆ ಮನೆಮಂದಿಯೆಲ್ಲ ಒಂದು ಕೋಣೆಯಲ್ಲಿ ಕುಳಿತರು. ಚಿಕಿತ್ಸಕರು ಹುಡುಗನನ್ನು ಬಿಟ್ಟು ಅವನ ತಂಗಿಯನ್ನು ಕೇಳಿದರು: “ಅಣ್ಣನ ಹೊಟ್ಟಿ ನೋಯ್ದ ದಿನ ಮನ್ಯಾಗ ಏನಾಗ್ತದವ್ವ?” ಹುಡುಗಿ ಹೇಳಿದಳು: “ಅವತ್ತು ಅಪ್ಪ, ಅವ್ವ ಮಾತಾಡ್ತಾರ.”

ಹೊಲ ಪಾಲಾದ ಮೇಲೆ ಗಂಡ ಹೆಂಡಿರ ನಡುವೆ ಮಾತು ನಿಂತಿತ್ತು. ಹೇಳುವುದನ್ನೆಲ್ಲ ಮಗನ ಕೈಲಿ ಹೇಳಿಸುತ್ತಿದ್ದರು. ಅವ್ವ ಸಿಡುಕಿದಷ್ಟೂ ಅಪ್ಪ ಮೌನಿಯಾದ. ಅಪ್ಪ ಮೌನಿಯಾದಷ್ಟೂ ಅವ್ವ ಸಿಡುಕಿದಳು. ಹುಡುಗನದು ನಾಟಕವಲ್ಲ, ನೋವು ನಿಜ. ಆದರೆ ಅದು ಅವನೊಬ್ಬನದಾಗಿರಲಿಲ್ಲ, ಇಡೀ ಮನೆಯ ನೋವನ್ನು ಅವನ ಹೊಟ್ಟೆ ಹೊತ್ತಿತ್ತು.

ಕುಟುಂಬ ಚಿಕಿತ್ಸಕರು ಹುಡುಕುವುದು ಈ ಸುತ್ತನ್ನು. ತಪ್ಪು ಯಾರದು ಎಂದು ಅವರು ಕೇಳುವುದಿಲ್ಲ, ಯಾವುದರ ಹಿಂದೆ ಯಾವುದು ನಡೆಯುತ್ತದೆ ಎಂದು ಕೇಳುತ್ತಾರೆ. ಮೂರು ತಲೆಮಾರಿನ ವಂಶವೃಕ್ಷ ಬರೆಸಿ, ಯಾರಿಗೆ ಯಾರು ಹತ್ತಿರ, ಯಾರೊಡನೆ ಯಾರ ಮಾತು ಮುರಿದಿದೆ ಎಂಬುದನ್ನು ಗುರುತಿಸುತ್ತಾರೆ. ಒಬ್ಬರು ಮಾತಾಡುವಾಗ ಉಳಿದವರು ಕೇಳುವಂತೆ ನೋಡಿಕೊಳ್ಳುತ್ತಾರೆ. ಮನೆಗೆ ಹೋಗಿ ಮಾಡಲು ಸಣ್ಣ ಕೆಲಸವನ್ನೂ ಕೊಡುತ್ತಾರೆ. ಆ ತಂದೆ ತಾಯಿಗೆ ಕೊಟ್ಟದ್ದು ಇಷ್ಟೇ: ದಿನಾ ಸಂಜೆ ಅರ್ಧ ಗಂಟೆ, ಮಗನನ್ನು ನಡುವೆ ತರದೆ ಇಬ್ಬರೇ ಮಾತಾಡಬೇಕು. ಮೊದಮೊದಲು ಅದು ಜಗಳವೇ ಆಯಿತು. ಆದರೂ ಬಿಡಲಿಲ್ಲ. ಕೆಲವು ತಿಂಗಳಲ್ಲಿ ಹುಡುಗ ಶಾಲೆಯ ದಾರಿ ಹಿಡಿದ.

ಇದು ಪರದೇಶದ ವಿದ್ಯೆ, ನಮಗೇಕೆ ಎನ್ನುವವರಿದ್ದಾರೆ. ಆದರೆ 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆ ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಡೀ ಕುಟುಂಬವೇ ಬಂದು ಉಳಿದು ಚಿಕಿತ್ಸೆ ಪಡೆಯುವ ಕುಟುಂಬ ಮನೋವೈದ್ಯಕೀಯ ಕೇಂದ್ರವಿದೆ. ಇನ್ನೂ ಹಿಂದೆ ಹೋದರೆ ಶರಣರ ಕಲ್ಯಾಣವೇ ಇದೆ. ಗಂಡ ಮಾರಯ್ಯ ಹೆಚ್ಚು ಅಕ್ಕಿ ತಂದಾಗ, ಇದು ನಮ್ಮದಲ್ಲ ಎಂದು ಹಿಂದಕ್ಕೆ ಕಳಿಸಿದ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯೋಣ. ಹೆಂಡತಿಗೆ ಹೇಳುವ ಎದೆಯಿತ್ತು, ಗಂಡನಿಗೆ ಕೇಳುವ ಕಿವಿಯಿತ್ತು. ನಮ್ಮ ಮನೆಗಳಲ್ಲಿ ಕಳೆದುಹೋಗಿರುವುದು ಇವೆರಡೇ.

ಹಾಗಾದರೆ ಚಿಕಿತ್ಸಕರನ್ನು ಹುಡುಕುವುದು ಹೇಗೆ? ಕುಟುಂಬ ಚಿಕಿತ್ಸಕ ಎಂಬ ಪ್ರತ್ಯೇಕ ಪರವಾನಗಿ ನಮ್ಮ ದೇಶದಲ್ಲಿಲ್ಲ. ಈ ಕೆಲಸ ಮಾಡುವವರು ಮನೋವೈದ್ಯರು, ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿಸಿಕೊಂಡ ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ತರಬೇತಿ ಪಡೆದ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು. ಬರೀ ಬೋರ್ಡು ನೋಡಿ ಒಳಗೆ ಹೋಗಬೇಡಿ. ಎಲ್ಲಿ ಕಲಿತಿರಿ, ಮನೆಮಂದಿಯನ್ನೆಲ್ಲ ಕೂರಿಸಿ ಕೆಲಸ ಮಾಡಿದ ಅನುಭವವಿದೆಯೇ, ಎಷ್ಟು ಸಲ ಬರಬೇಕು, ಶುಲ್ಕವೆಷ್ಟು ಎಂದು ಕೇಳಿ. ಕೇಳುವುದು ಉದ್ಧಟತನವಲ್ಲ. ಒಂದೇ ಭೇಟಿಯಲ್ಲಿ ಸರಿಮಾಡುತ್ತೇನೆ ಎನ್ನುವವರನ್ನು, ಮೊದಲ ದಿನವೇ ಒಬ್ಬರ ಪಕ್ಷ ವಹಿಸಿ ತೀರ್ಪು ಕೊಡುವವರನ್ನು ಬಿಟ್ಟು ಬನ್ನಿ.

ದಾರಿ ತಿಳಿಯದವರು ಬೀದರದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗದಿಂದ ಆರಂಭಿಸಬಹುದು. ಅಷ್ಟು ದೂರ ಹೋಗಲಾಗದವರಿಗೆ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. 14416ಕ್ಕೆ ಕರೆ ಮಾಡಿದರೆ ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. “ಮನಿ ಮಾತು ಹೊರಗ ಹೋಗಬಾರದು” ಎಂಬ ಅಂಜಿಕೆ ನನಗೆ ಅರ್ಥವಾಗುತ್ತದೆ. ಆದರೆ ಚಿಕಿತ್ಸೆಯ ಗುಟ್ಟು ಕಾಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟಿರುವ ಹಕ್ಕು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಹೊಡೆತ ಬಡಿತ ನಡೆಯುವ ಮನೆಯಲ್ಲಿ ಗಂಡ ಹೆಂಡತಿಯನ್ನು ಎದುರುಬದುರು ಕೂರಿಸಿ ರಾಜಿ ಮಾಡಿಸುವುದು ಚಿಕಿತ್ಸೆಯಲ್ಲ. ಅಲ್ಲಿ ಆಡಿದ ಮಾತಿಗೆ ಆಕೆ ಮನೆಗೆ ಹೋಗಿ ಪೆಟ್ಟು ತಿನ್ನಬೇಕಾದೀತು. ಮೊದಲು ಆಕೆಯ ಸುರಕ್ಷತೆ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ, ನೊಂದ ಮಹಿಳೆಯರ ಸಾಂತ್ವನ ಕೇಂದ್ರಕ್ಕೆ ಕರೆದೊಯ್ಯಿರಿ. ಹಾಗೆಯೇ ಸ್ಕಿಜೋಫ್ರೇನಿಯಾದಂಥ ಕಾಯಿಲೆಯಲ್ಲಿ ಔಷಧಿ ನಿಲ್ಲಿಸಬಾರದು. ಮನೆಯವರ ಚುಚ್ಚುಮಾತು ಹೆಚ್ಚಿದ್ದರೆ ಕಾಯಿಲೆ ಮರುಕಳಿಸುವುದೂ ಹೆಚ್ಚು ಎಂದು ಲಂಡನ್ನಿನ ಸಂಶೋಧನೆಗಳು ತೋರಿಸಿವೆ. ಗುಳಿಗೆಯೂ ಬೇಕು, ಮನೆಯ ಮಾತೂ ತಿಳಿಯಾಗಬೇಕು.

ಸರ್ಕಾರದ ಮುಂದೆ ನಾವಿಡುವ ಬೇಡಿಕೆ ಎರಡು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಕುಟುಂಬಗಳೊಡನೆ ಕೆಲಸ ಮಾಡಬಲ್ಲ ಒಬ್ಬ ತರಬೇತಾದ ವ್ಯಕ್ತಿ ಇರಬೇಕು, ಅವರು ಕೂಲಿಗೆ ಹೋದವರು ಮರಳುವ ಸಂಜೆಯ ಹೊತ್ತಿಗೂ ಸಿಗಬೇಕು. ಎರಡನೆಯದು ಭಾಷೆ. ನಮ್ಮ ಗಡಿಯ ಮನೆಗಳಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಒಂದೇ ಒಲೆಯ ಮುಂದೆ ಕೂರುತ್ತವೆ. ಮನುಷ್ಯ ಯಾವ ಭಾಷೆಯಲ್ಲಿ ಜಗಳವಾಡುತ್ತಾನೋ, ಅಳುತ್ತಾನೋ, ಅದೇ ಭಾಷೆಯಲ್ಲಿ ಅವನನ್ನು ಕೇಳಿಸಿಕೊಳ್ಳುವವರು ಬೇಕು.

ಇವೆಲ್ಲ ಬರುವವರೆಗೆ ಕಾಯಬೇಕಿಲ್ಲ. ಇಂದು ರಾತ್ರಿ ಊಟಕ್ಕೆ ಕುಳಿತಾಗ, ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವರು ಯಾರೆಂದು ನೋಡಿ. ಅವರನ್ನು ಒಂದು ಮಾತು ಕೇಳಿ, ಅವರು ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕಬೇಡಿ. ಸಕಲಮತದ ಈ ನೆಲದಿಂದ ನೀವು ಮನೆಗೆ ಒಯ್ಯಬೇಕಾದ ಪ್ರಸಾದ ಅದೇ.